ವೀಪಿಯಣ್ಣ

ಶನಿವಾರ ಬೆಳಗ್ಗೆ ಬ್ರೆಡ್ಡು ತಗೊಂಡು ಮನೆಗೆ ಬಂದಾಗ ನಮ್ಮತ್ತೆ ತಲೆ ಬಾಚಿಕೊಂಡು, ಟ್ರಂಕಿನಿಂದ ತೆಗೆದ ಒಳ್ಳೆಯ ಬಟ್ಟೆ ಹಾಕಿಕೊಂಡು, ನಡುಮನೆಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಎದುರಿಗೆ ಟೀಪಾಯಿಯ ಮೇಲೆ ಒಂದು ಲೋಟ ಚಹಾ, ಅದರ ಮೇಲೊಂದು ತಟ್ಟೆ ಮುಚ್ಚಿತ್ತು.

"ಯಾರಾದ್ರೂ ಬರ್ತಿದಾರಾ ಅತ್ತೆ?" ಎಂದೆ.

"ಇದೇನು ಹೀಗೆ ಕೇಳ್ತೀರಿ ಅಳಿಯಂದ್ರೇ? ವೀಪಿಯಣ್ಣ ಬರ್ತಾರಂತಲ್ಲ. ನಿನ್ನೆ ಚಿಕ್ಕಳಿಯಂದ್ರು ಫೋನಲ್ಲಿ ಹೇಳ್ತಿದ್ರು, ವೀಪಿಯಣ್ಣ ಹಾಕಿಸಿದ್ರೆ ಆಯ್ತು, ಟಿವೀಲಿ ಎಲ್ಲಾ ಬರುತ್ತೆ ಅಂತ. ಮೊದಲನೇ ಸಲ ಮನೆಗೆ ಬರೋ ಮನುಷ್ಯ. ಬರೀ ಬಾಯಲ್ಲಿ ಕಳಿಸೋಕಾಗುತ್ತಾ?"

ಅಡುಗೆಮನೆಯಲ್ಲಿ ನನ್ನ ಹೆಂಡತಿ ಸೌಟು ಕೆಳಗೆ ಹಾಕಿ ನಗತೊಡಗಿದಳು. ವಿಪಿಎನ್ನ ಹಾಕಿಸಿ, ವಿಪಿಎನ್ನ ಹಾಕಿಸಿ ಎಂದು ನನ್ನ ಷಡ್ಡಕ ಫೋನಿನಲ್ಲಿ ಅವಸರವಾಗಿ ಹೇಳಿದ್ದು ಅತ್ತೆಯ ಕಿವಿಗೆ ಬೀಳುವಷ್ಟರಲ್ಲಿ ಅದಕ್ಕೆ ಕೈಕಾಲು ಬಂದು ಅಣ್ಣನಾಗಿತ್ತು.

"ಅಮ್ಮಾ, ಅದು ಮನುಷ್ಯ ಅಲ್ಲಮ್ಮ. ಟಿವಿಗೆ ಹಾಕೋ ಒಂದು ಆ್ಯಪು."

"ಮನುಷ್ಯ ಅಲ್ವಾ? ಹಾಗಾದ್ರೆ ತಲೆ ಬಾಚಿದ್ದು ದಂಡ" ಎಂದು ಅತ್ತೆ ತಟ್ಟೆ ತೆಗೆದು ಆ ಚಹಾ ತಾವೇ ಕುಡಿದರು.

ವಿಷಯ ಇಷ್ಟು. ಅತ್ತೆಗೆ ಇದ್ದದ್ದು ಒಬ್ಬಳೇ ತಂಗಿ. ಎರಡು ವರ್ಷದ ಹಿಂದೆ ತೀರಿಕೊಂಡರು. ಪ್ರಾಯದಲ್ಲಿ ಅವರಿಗೆ ನಟನೆಯ ಹುಚ್ಚು. ಆಸ್ಪತ್ರೆಯ ಕತೆ ಇರುವ ಒಂದು ಧಾರಾವಾಹಿಯಲ್ಲಿ, ನಲವತ್ತೊಂದನೇ ಕಂತಿನಲ್ಲಿ, ಚೀಟಿ ಕೊಡುವ ಕಿಟಕಿಯ ಮುಂದೆ ಜಗಳ ಆಡುವ ಹೆಂಗಸಿನ ಪಾತ್ರ ಸಿಕ್ಕಿತ್ತು. ಹೆಚ್ಚೆಂದರೆ ಎರಡು ನಿಮಿಷ. ಅದು ಟಿವಿಯಲ್ಲಿ ಬಂದ ದಿನ, ಆಗ ಚಿಕ್ಕವಳಾಗಿದ್ದ ನನ್ನ ಹೆಂಡತಿಗೆ ಜ್ವರ. ಅತ್ತೆ ನಿಜವಾದ ಆಸ್ಪತ್ರೆಯಲ್ಲಿ ನಿಜವಾದ ಚೀಟಿ ಹಿಡಿದು ನಿಂತಿದ್ದರು. ಮತ್ತೆ ಅದು ಎಲ್ಲೂ ಬರಲಿಲ್ಲ. ತಂಗಿಯ ಫೋಟೊ ಬೇಕಾದಷ್ಟಿವೆ. ನಡೆಯುವ, ಮಾತಾಡುವ ತಂಗಿ ಎಲ್ಲೂ ಉಳಿದಿರಲಿಲ್ಲ.

ಈಗ ಹೊರದೇಶದಲ್ಲಿರುವ ಆ ತಂಗಿಯ ಮಗಳು, ಅಲ್ಲಿನ ಒಂದು ಆ್ಯಪಿನಲ್ಲಿ ಅದೇ ಹಳೇ ಧಾರಾವಾಹಿ ಇರುವುದನ್ನು ಕಂಡು ಬುಧವಾರ ಫೋನ್ ಮಾಡಿದ್ದಳು. ಆ ದೇಶದವರಿಗೆ ಮಾತ್ರ ಕಾಣುತ್ತದೆ. ಭಾನುವಾರ ಮುಗಿದರೆ ತೆಗೆದುಬಿಡುತ್ತಾರೆ. ಅವಳು ರೆಕಾರ್ಡ್ ಮಾಡಿ ಕಳಿಸಲು ನೋಡಿದಳು, ಪರದೆ ಕಪ್ಪಾಗಿ ಬಂತು. ಟಿವಿಯ ಮುಂದೆ ಫೋನ್ ಹಿಡಿದು ತೆಗೆದು ಕಳಿಸಿದಳು, ಗೆರೆ ಗೆರೆಯಾಗಿ ನೀರೊಳಗೆ ಅಲ್ಲಾಡಿದ ಹಾಗೆ ಬಂತು. ಅದೂ ಅಂಗೈಯಗಲದ ಪರದೆಯಲ್ಲಿ. ಅತ್ತೆಯ ಕಣ್ಣಿಗೆ ಅದು ಆಗದ ಮಾತು. ನೇರವಾಗಿ ನೋಡಿದರೆ ನಡುಮಧ್ಯ ಬೂದಿ ಮೆತ್ತಿದ ಹಾಗಂತೆ. ಕತ್ತು ಪಕ್ಕಕ್ಕೆ ತಿರುಗಿಸಿದರೆ ಅಂಚಿನಲ್ಲಿ ಅಷ್ಟೋ ಇಷ್ಟೋ ಕಾಣುತ್ತದೆ. ಬರುವ ವರ್ಷಕ್ಕೆ ಅದೂ ಇರುತ್ತದೋ ಇಲ್ಲವೋ ಎಂದು ಡಾಕ್ಟರು ಹೇಳಿದ್ದರು. ನಮ್ಮ ದೊಡ್ಡ ಟಿವಿಯ ಮುಂದೆ ಮೂರಡಿ ದೂರ ಕೂತರೆ ಮಾತ್ರ ಅವರಿಗೆ ಆಕಾರ, ಬಣ್ಣ ಸಿಕ್ಕುತ್ತಿತ್ತು.

"ನನ್ನ ಅಕೌಂಟೇ ಹಾಕ್ಕೊಳ್ಳಿ" ಎಂದು ಆ ಹುಡುಗಿ ಪಾಸ್‌ವರ್ಡ್ ಕೊಟ್ಟಳು. "ನೀವು ಈ ದೇಶದಲ್ಲಿ ಕೂತಿದೀರಿ ಅಂತ ಟಿವಿ ನಂಬಬೇಕು, ಅಷ್ಟೆ." ಹಾಗೆ ನಂಬಿಸುವುದೇ ವಿಪಿಎನ್ನಿನ ಕೆಲಸ. ನಮ್ಮ ಮನೆಯ ಇಂಟರ್ನೆಟ್ಟು ನಮ್ಮ ಬಾಗಿಲು ಬಿಟ್ಟು ಬೇರೆ ದೇಶದ ಒಂದು ಬಾಗಿಲಿಂದ ಹೊರಗೆ ಬೀಳುತ್ತದೆ.

ಇಂಥದ್ದಕ್ಕೆಲ್ಲ ನಮ್ಮ ಮನೆಯಲ್ಲಿ ನನ್ನ ಷಡ್ಡಕನೇ ದಿಕ್ಕು. ನಾನು ಲಿಫ್ಟು ರಿಪೇರಿ ಮಾಡುವವನು. ಮೇಲೆ ಕೆಳಗೆ ಹೋಗುವುದು ಬಿಟ್ಟರೆ ನನಗೆ ದೇಶಾಂತರದ ವಿಷಯ ಗೊತ್ತಿಲ್ಲ. ಅವನು ನಾದಿನಿಯ ಗಂಡ. ಮೊದಲು ಮೊಬೈಲ್ ಅಂಗಡಿಯಲ್ಲಿದ್ದ. ಅಂಗಡಿ ಮುಚ್ಚಿದ ಮೇಲೆ ಇಂಟರ್ನೆಟ್ಟಿನಲ್ಲಿ ಒಂದು ಪುಟ ನಡೆಸುತ್ತಿದ್ದ. ಹತ್ತು ಒಳ್ಳೆಯ ಮಿಕ್ಸಿ, ಹತ್ತು ಒಳ್ಳೆಯ ಹಾಸಿಗೆ, ಹತ್ತು ಒಳ್ಳೆಯ ವಿಪಿಎನ್. ಅದಕ್ಕೇ ಮನೆಯಲ್ಲಿ ಅವನ ಹೆಸರು ಟಾಪ್ ಟೆನ್.

ಹನ್ನೊಂದು ಗಂಟೆಗೆ ಟಾಪ್ ಟೆನ್ ಬಂದ. ಬಂದವನೇ ಬಿಸ್ಕತ್ತಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಟಿವಿಯ ಹಿಂದೆ ಸಿಕ್ಕಿಸಿದ, ಆ್ಯಪುಗಳನ್ನು ನಡೆಸುವ ಸ್ಟಿಕ್ಕಿನ ರಿಮೋಟು ಕೈಗೆತ್ತಿಕೊಂಡ. ತಿಂದ ಬೆರಳಲ್ಲೇ ಒತ್ತುವುದು, ಒತ್ತಿದ ಬೆರಳನ್ನೇ ನೆಕ್ಕುವುದು. ನೋಡಲಾಗದೆ ನಾನು ಕಿಟಕಿಯ ಕಡೆ ತಿರುಗಿದೆ.

"ಭಾವ, ನಂಬರ್ ಒನ್ ಹಾಕ್ತಿದೀನಿ. ಫ್ರೀ. ಹತ್ತನ್ನೂ ನಾನೇ ಪರೀಕ್ಷೆ ಮಾಡಿ ಇದಕ್ಕೆ ಮೊದಲನೇ ಜಾಗ ಕೊಟ್ಟಿರೋದು."

"ಟಿವಿಯೊಳಗಿನ ಆ್ಯಪಿನ ಅಂಗಡೀಲಿ ಇದು ಕಾಣಿಸ್ತಾನೇ ಇಲ್ವಲ್ಲೋ?"

"ಅಲ್ಲಿ ಇರಲ್ಲ ಭಾವ. ಫೋನಿನ ಫೈಲನ್ನೇ ಇದಕ್ಕೆ ತುರುಕಬೇಕು. ಇಲ್ಲೊಂದು ಎಚ್ಚರಿಕೆ ಬರುತ್ತೆ, ಗೊತ್ತಿಲ್ಲದವರಿಂದ ಬಂದಿದ್ದನ್ನ ಒಳಗೆ ಬಿಡಬೇಡಿ ಅಂತ. ಹೆದರಬಾರದು. ಹೌದು ಅಂತ ಒತ್ತಬೇಕು."

ಒತ್ತಿದ. ಆಮೇಲೆ ಅದು ಒಂದೊಂದೇ ಕೇಳತೊಡಗಿತು. ರಿಮೋಟಿನ ಮೈಕು ಬಳಸಲಾ, ಮನೆಯ ಬೇರೆ ಯಂತ್ರಗಳನ್ನು ನೋಡಲಾ, ಸದಾ ಎಚ್ಚರವಾಗಿರಲಾ. ಅವನು ಓದದೆ ಎಲ್ಲಕ್ಕೂ ಹೌದು ಎಂದ. ಪರದೆಯ ಮೇಲೆ ಹಸಿರು ದೀಪ ಹೊತ್ತಿಕೊಂಡಿತು. "ಆಯ್ತು ನೋಡಿ. ನೀವೀಗ ಹೊರದೇಶದಲ್ಲಿದೀರಿ" ಎಂದು ಡಬ್ಬಿ ಕೆಳಗಿಟ್ಟು, ಕೈಯನ್ನು ಸೋಫಾದ ಬಟ್ಟೆಗೆ ಒರೆಸಿ, ಬೇರೆಲ್ಲೋ ಅರ್ಜೆಂಟಿದೆ ಎಂದು ಹೊರಟೇಬಿಟ್ಟ. ಡಬ್ಬಿಯಲ್ಲಿ ಪುಡಿ ಮಾತ್ರ ಇತ್ತು.

ನಾನು ಧಾರಾವಾಹಿಯ ಆ್ಯಪು ತೆರೆದೆ. "ಈ ಕಾರ್ಯಕ್ರಮ ನಿಮ್ಮ ಪ್ರದೇಶದಲ್ಲಿ ಸಿಗುವುದಿಲ್ಲ." ಆರಿಸಿ ಹೊತ್ತಿಸಿದೆ. ಅದೇ. ಮೂರನೇ ಸಲಕ್ಕೆ ಪರದೆ ತುಂಬ ಕೆಂಪು ಅಕ್ಷರ ಬಂತು: ನಿಮ್ಮ ಟಿವಿಯಲ್ಲಿ ಮೂವತ್ತೇಳು ವೈರಸ್ ಇವೆ, ಈಗಲೇ ಒತ್ತಿ. ಅದನ್ನು ಮುಚ್ಚಿದರೆ ಜೂಜಿನ ಚಕ್ರ ತಿರುಗಿತು. ಅದನ್ನು ಮುಚ್ಚಿದರೆ ಅರೆಬಟ್ಟೆಯ ಹುಡುಗಿಯರು ಸಾಲಾಗಿ ಬಂದು, ನಿಮ್ಮ ಊರಲ್ಲೇ ಕಾಯ್ತಿದೀವಿ ಎಂದು ನುಲಿಯತೊಡಗಿದರು. ಎಲ್ಲಿ ಮುಚ್ಚಬೇಕು ಎನ್ನುವುದೇ ತಿಳಿಯದ ಹಾಗೆ ಮೂಲೆಯ ಗುರುತನ್ನು ಎಳ್ಳುಕಾಳಿನಷ್ಟು ಮಾಡಿ ಇಟ್ಟಿದ್ದರು. ಅಂಟಂಟಾದ ರಿಮೋಟು ಕೈಯಲ್ಲಿ ಜಾರುತ್ತಿತ್ತು.

ಮೂರಡಿ ದೂರದಲ್ಲಿ ಅತ್ತೆ. ಮುಖ ಕಾಣದಿದ್ದರೂ ಮೈಬಣ್ಣ ಕಂಡಿರಬೇಕು.

"ಥೂ! ಯಾರ್ರೀ ಇವೆಲ್ಲ? ಆ ವೀಪಿಯಣ್ಣನ ಕಡೆಯವರಾ? ಮನುಷ್ಯ ಅಲ್ಲ ಅಂದ್ರಿ, ಚಾಳಿ ನೋಡಿದ್ರೆ ಮನುಷ್ಯನ ಹಾಗೇ ಇದೆಯಲ್ಲ!"

ನಾನು ಎದ್ದು ಗೋಡೆಯ ಸ್ವಿಚ್ಚನ್ನೇ ಆರಿಸಿದೆ. ಸ್ವಂತ ನಡುಮನೆಯಲ್ಲಿ ಯಾರೋ ಬಂದು ಉಗುಳಿ ಹೋದ ಹಾಗಾಯಿತು. ಸಿಂಕಿಗೆ ಹೋಗಿ ಎರಡು ಸಲ ಕೈ ತೊಳೆದೆ.

ಟಾಪ್ ಟೆನ್‌ಗೆ ಫೋನ್ ಮಾಡಿದರೆ ಎತ್ತಲಿಲ್ಲ. "ಅವನ ಪುಟದಲ್ಲೇ ನೋಡೋಣ ಇರಿ, ಹೇಗೆ ಹಾಕೋದು ಅಂತ ಬರೆದಿರ್ತಾನಲ್ಲ" ಎಂದು ಸಂಜೆ ಹೆಂಡತಿ ತನ್ನ ಫೋನಿನಲ್ಲಿ ಹುಡುಕಿದಳು. ಹಾಸಿಗೆಯ ಅಂಚಿನಲ್ಲಿ ಕೂತು ಓದುತ್ತಿದ್ದವಳು ಇದ್ದಕ್ಕಿದ್ದಂತೆ ಎದ್ದು ಬಂದಳು. ಫೋನನ್ನು ನನ್ನ ಕಡೆ ತಿರುಗಿಸಿದಳು.

ನಂಬರ್ ಒನ್‌ನ ಕೆಳಗೆ ನಮ್ಮತ್ತೆಯ ಫೋಟೊ ಇತ್ತು. ಕಣ್ಣಿನ ಆಸ್ಪತ್ರೆಯ ಜಗಲಿಯಲ್ಲಿ, ಔಷಧಿ ಬಿಟ್ಟ ಮೇಲೆ ಹಾಕುವ ಕಪ್ಪು ಕನ್ನಡಕ ಹಾಕಿಕೊಂಡು, ಎಲ್ಲಿ ನೋಡಬೇಕೋ ತಿಳಿಯದೆ ಕೂತ ಫೋಟೊ. ಅವತ್ತು ಜೊತೆಗೆ ಹೋದವನು ಇವನೇ. ಫೋಟೊದ ಪಕ್ಕದಲ್ಲಿ ಯಾವುದೋ ಬೇರೆ ಹೆಸರು, ಬೇರೆ ಊರು. ಕೆಳಗೆ ಬರೆದಿತ್ತು: "ತೀರಿಹೋದ ನನ್ನ ಮುದ್ದಿನ ತಂಗಿಯನ್ನು ಈ ವಿಪಿಎನ್‌ನಿಂದ ಟಿವಿಯಲ್ಲಿ ಕಣ್ತುಂಬ ನೋಡಿದೆ. ಕಣ್ಣೀರು ನಿಲ್ಲಲೇ ಇಲ್ಲ. ಎರಡೇ ನಿಮಿಷದಲ್ಲಿ ಸೆಟಪ್!" ಐದು ನಕ್ಷತ್ರ. ತಾರೀಖು ನೋಡಿದೆ. ಗುರುವಾರದ್ದು. ಶನಿವಾರ ನಮ್ಮ ಮನೆಗೆ ಬರುವ ಎರಡು ದಿನ ಮೊದಲು ಬರೆದಿದ್ದ.

ಬಾಯಲ್ಲಿ ಹುಳಿನೀರು ಬಂತು.

ನಮ್ಮ ಕಸುಬಿನಲ್ಲಿ ಒಂದು ಕಾರ್ಡು ಇರುತ್ತದೆ. ಲಿಫ್ಟಿನ ಮೆಷಿನ್ ರೂಮಿನಲ್ಲಿ ತೂಗುಹಾಕಿರುತ್ತಾರೆ. ತಿಂಗಳಿಗೊಮ್ಮೆ ಹಗ್ಗ, ಬ್ರೇಕು ನೋಡಿ ಸಹಿ ಹಾಕಬೇಕು. ಕೆಳಗೆ ಚಹಾ ಅಂಗಡಿಯಲ್ಲಿ ಕೂತು ಆರು ತಿಂಗಳ ಸಹಿ ಒಟ್ಟಿಗೆ ಹಾಕುವವರೂ ಇದ್ದಾರೆ. ಒಮ್ಮೆ ಒಂದು ಪ್ರಸೂತಿ ಆಸ್ಪತ್ರೆಯ ಲಿಫ್ಟು ನೋಡಲು ಹೋದೆ. ಕಾರ್ಡಿನಲ್ಲಿ ಹಿಂದಿನ ದಿನದ ಸಹಿ, ಶಾಯಿ ಮಾಸಿರಲಿಲ್ಲ. ಮೇಲೆ ಹತ್ತಿ ಟಾರ್ಚು ಬಿಟ್ಟರೆ ಹಗ್ಗದ ತಂತಿ ಎಳೆ ಎಳೆಯಾಗಿ ಬಿಚ್ಚಿಕೊಂಡು ಕಸಬರಿಗೆಯ ಹಾಗಾಗಿತ್ತು. ಅದರ ಕೆಳಗೆ ಬಸುರಿಯರು ಓಡಾಡುತ್ತಿದ್ದರು. ಅವತ್ತು ಬಂದ ಹುಳಿನೀರೇ ಇವತ್ತೂ ಬಂತು.

ಮತ್ತೆ ಫೋನ್ ಮಾಡಿದೆ. ಈ ಸಲ ಎತ್ತಿದ.

"ಏನಯ್ಯ ಇದು, ಅತ್ತೆಯ ಫೋಟೊ?"

"ಓ, ಅದಾ! ಅದು ಮಾರ್ಕೆಟಿಂಗು ಭಾವ. ಹೆಸರು ಬೇರೆ ಹಾಕಿದೀನಲ್ಲ. ಯಾರಿಗೆ ಗೊತ್ತಾಗುತ್ತೆ? ಹೇಗೂ ಅವರು ನೋಡೋದೇ ತಾನೇ? ಒಂದೆರಡು ದಿನ ಮುಂಚೆ ಬರೆದೆ, ಅಷ್ಟೆ."

"ಆ ಹತ್ತರಲ್ಲಿ ನೀನು ಎಷ್ಟನ್ನ ಪರೀಕ್ಷೆ ಮಾಡಿದೀಯ? ನಿಜ ಹೇಳು."

"ಎಲ್ಲರೂ ಬರೆದಿದ್ದನ್ನ ನೋಡಿ ಬರೀತಾರೆ ಭಾವ. ಯಾರು ಪರೀಕ್ಷೆ ಮಾಡ್ತಾ ಕೂರ್ತಾರೆ? ಯಾರು ಜಾಸ್ತಿ ಕಮಿಷನ್ ಕೊಡ್ತಾರೋ ಅವರು ನಂಬರ್ ಒನ್. ನನ್ನ ಹತ್ರ ಟಿವಿ ಸ್ಟಿಕ್ಕೇ ಇಲ್ಲ."

"ಹಾಗಾದ್ರೆ ನಮ್ಮನೆಗೆ ಹಾಕಿದ್ದು?"

"ನಿಮ್ಮನೇಲೇ ಫಸ್ಟು" ಎಂದ, ಏನೋ ಗೌರವ ಕೊಟ್ಟವನ ಹಾಗೆ.

ಫೋಟೊ ತೆಗಿ ಎಂದೆ. ತೆಗೀತೀನಿ ಭಾವ ಎಂದ. ಅವನೂ ಸಂಸಾರ ನಡೆಸಬೇಕು, ಅದು ನನಗೆ ಗೊತ್ತು. ಅಂಗಡಿ ಮುಚ್ಚಿದ ವರ್ಷ ನಾಲ್ಕು ತಿಂಗಳು ನಮ್ಮ ಮನೆಯಲ್ಲೇ ಉಂಡವನು. ಆಗ ತಟ್ಟೆ ತಾನೇ ತೊಳೆದಿಡುತ್ತಿದ್ದ, ಅತ್ತೆಯ ಕಣ್ಣಿಗೆ ಔಷಧಿ ಬಿಡುತ್ತಿದ್ದ. ಅವನೇ ಇವನು ಎನ್ನುವುದೇ ಇನ್ನಷ್ಟು ಹೇಸಿಗೆ ಹುಟ್ಟಿಸಿತು. ಅತ್ತೆಗೆ ಹೇಳುವುದು ಬೇಡ ಎಂದು ನಾವಿಬ್ಬರೂ ಮಾತಾಡಿಕೊಂಡೆವು.

ಭಾನುವಾರ ಬೆಳಗ್ಗೆ ಎದ್ದು ಮೊದಲು ಮಾಡಿದ ಕೆಲಸ ರಿಮೋಟು ಬಿಚ್ಚಿ ಗುಂಡಿಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿದ್ದು. ಹತ್ತಿಗೆ ಬಂದ ಕಪ್ಪು ಕೊಳೆ ನೋಡಿ ತಿಂಡಿ ಸೇರಲಿಲ್ಲ. ಆಮೇಲೆ ಸ್ಟಿಕ್ಕನ್ನು ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೆ ಪೂರ್ತಿ ಅಳಿಸಿದೆ. ಟಾಪ್ ಟೆನ್ ತುರುಕಿದ್ದು ಹೋಯಿತು. ವೈಫೈ ಪಾಸ್‌ವರ್ಡನ್ನೂ ಬದಲಾಯಿಸಿದೆ.

ನಲವತ್ತೊಂದನೇ ಕಂತಿಗೆ ರಾತ್ರಿ ಹನ್ನೆರಡರವರೆಗೆ ಹೊತ್ತಿದೆ ಎಂದುಕೊಂಡಿದ್ದೆ. ಹೆಂಡತಿ ಲೆಕ್ಕ ಹಾಕಿ ನಿಲ್ಲಿಸಿದಳು.

"ರೀ, ಚಿಕ್ಕಮ್ಮನ ಮಗಳು ಊಟಕ್ಕೆ ಕೂತಾಗ ನಾವಿನ್ನೂ ಹಲ್ಲುಜ್ಜುತ್ತಿರ್ತೀವಿ. ಅವಳ ಗಡಿಯಾರ ಏಳೂವರೆ ಗಂಟೆ ಮುಂದೆ. ಅಲ್ಲಿನ ಭಾನುವಾರ ನಮ್ಮ ಸಂಜೆ ನಾಲ್ಕೂವರೆಗೇ ಮುಗಿದುಹೋಗುತ್ತೆ!"

ಗಂಟೆ ಹತ್ತಾಗಿತ್ತು.

ಯಾವುದನ್ನು ಆರಿಸುವುದು? ಪಟ್ಟಿಗಳನ್ನು ನೋಡಲಿಲ್ಲ. ನೋಡಿದಷ್ಟೂ ಎಲ್ಲಾ ಟಾಪ್ ಟೆನ್‌ನ ಬೆರಳಿನ ಅಂಟೇ ಕಾಣುತ್ತಿತ್ತು. ಸ್ಟಿಕ್ಕಿನ ಸ್ವಂತ ಅಂಗಡಿಯಲ್ಲಿ ಸಿಗುವುದು, ಆ ದೇಶದಲ್ಲಿ ಬಾಗಿಲು ಇರುವುದು, ನಡೆಯದಿದ್ದರೆ ಹಣ ವಾಪಸು ಕೊಡುವುದು, ಕೇಳಿದರೆ ಉತ್ತರಿಸಲು ಒಬ್ಬ ಮನುಷ್ಯ ಇರುವುದು. ಇಷ್ಟೂ ಇರುವ ಮೂರು ವಿಪಿಎನ್ ಸಿಕ್ಕವು. ಮೂರಕ್ಕೂ ಒಂದೇ ಪ್ರಶ್ನೆ ಕಳಿಸಿದೆ: ಈ ಆ್ಯಪು ನಿಮ್ಮದರಲ್ಲಿ ಟಿವಿ ಸ್ಟಿಕ್ಕಿನ ಮೇಲೆ ಇವತ್ತು ನಡೆಯುತ್ತಿದೆಯೇ?

ಮೊದಲನೆಯದು ಎರಡು ಸೆಕೆಂಡಿನಲ್ಲಿ ಖಂಡಿತ ಎಂದಿತು, ಜೊತೆಗೆ ಪಟಾಕಿಯ ಚಿತ್ರ. ಎರಡನೆಯದೂ ಖಂಡಿತ ಎಂದು ರಿಯಾಯಿತಿ ತೋರಿಸಿತು. ಮೂರನೆಯ ಕಡೆಯಿಂದ ಸ್ವಲ್ಪ ತಡವಾಗಿ ಬಂತು: "ನನಗೆ ಗೊತ್ತಿಲ್ಲ. ಹೋದ ವಾರ ನಡೆಯುತ್ತಿತ್ತು. ಹಾಕಿ ನೋಡಿ ಹೇಳುತ್ತೇನೆ, ಇಪ್ಪತ್ತು ನಿಮಿಷ ಕೊಡಿ."

"ಇದೇ" ಎಂದೆ.

"ಗೊತ್ತಿಲ್ಲ ಅನ್ನೋನನ್ನ ನಂಬ್ತೀರಾ?" ಎಂದಳು ಹೆಂಡತಿ.

"ಅವನೊಬ್ಬನೇ ಮೇಲೆ ಹತ್ತಿ ಹಗ್ಗ ನೋಡೋಕೆ ಹೋಗಿರೋದು."

ಇಪ್ಪತ್ತಲ್ಲ, ಮೂವತ್ತೈದು ನಿಮಿಷ ಬಿಟ್ಟು ಉತ್ತರ ಕೊಟ್ಟ. ಆ ದೇಶದಲ್ಲಿ ಎರಡು ನಗರದಲ್ಲಿ ಬಾಗಿಲಿದೆ, ಮೊದಲನೆಯದನ್ನು ಆ್ಯಪಿನವರು ಕಂಡುಹಿಡಿದು ಮುಚ್ಚಿದ್ದಾರೆ, ಎರಡನೆಯದು ಈಗ ನಡೆಯುತ್ತಿದೆ, ಸಂಜೆಯ ಮಾತು ಗೊತ್ತಿಲ್ಲ ಎಂದ. ಒಂದು ತಿಂಗಳಿಗೆ ಕೊಂಡೆ. ಸ್ಟಿಕ್ಕಿನ ಅಂಗಡಿಯಿಂದ ಇಳಿಸಿದೆ, ಟಿವಿ ಒಂದು ಗುರುತಿನ ಸಂಖ್ಯೆ ತೋರಿಸಿತು, ಅದನ್ನು ಫೋನಿನಲ್ಲಿ ಒತ್ತಿದೆ. ಎರಡನೇ ನಗರ ಆರಿಸಿದೆ. ಆ್ಯಪು ತೆರೆದೆ.

"ಈ ಕಾರ್ಯಕ್ರಮ ನಿಮ್ಮ ಪ್ರದೇಶದಲ್ಲಿ ಸಿಗುವುದಿಲ್ಲ."

ಅತ್ತೆ ನಿನ್ನೆಯ ಅದೇ ಒಳ್ಳೆಯ ಬಟ್ಟೆಯಲ್ಲಿ ಕುರ್ಚಿಯಲ್ಲಿದ್ದರು. ಬಟ್ಟೆಗೆ ಇಸ್ತ್ರಿ ಇರಲಿಲ್ಲ, ಹಾಸಿಗೆಯ ಕೆಳಗೆ ಮಡಿಸಿಟ್ಟು ಒತ್ತಿದ ಮಡಿಕೆಗಳು. ಬಹಳ ವರ್ಷದ ಹಿಂದೆ ಅವರೇ ಹೆಣೆದ ಹಸಿರು ಶಾಲೊಂದು ಕಾಣೆಯಾದಾಗಿನಿಂದ ಅವರು ಹೊರಗಿನ ಇಸ್ತ್ರಿಯವನಿಗೆ ಬಟ್ಟೆ ಕೊಟ್ಟವರಲ್ಲ. ಅವನೇ ಕದ್ದ ಎಂದು ಬೀದಿಯಲ್ಲಿ ನಿಂತು ಬೈದಿದ್ದರಂತೆ.

"ಬಂತಾ?"

"ಇನ್ನೂ ಇಲ್ಲ ಅತ್ತೆ."

"ಆಗಲ್ಲ ಅಂದ್ರೆ ಬಿಡಿ ಅಳಿಯಂದ್ರೇ. ನಿಮ್ಮ ಭಾನುವಾರ ಹಾಳು ಮಾಡ್ಕೋಬೇಡಿ" ಎಂದರು. ಆದರೆ ಕುರ್ಚಿ ಬಿಟ್ಟು ಏಳಲಿಲ್ಲ. ಊಟವನ್ನೂ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಅಲ್ಲೇ ಮಾಡಿದರು.

ಎರಡೂವರೆಯ ಹೊತ್ತಿಗೆ ಆ ಮನುಷ್ಯ ದಾರಿ ಹೇಳಿದ. ಸ್ಟಿಕ್ಕನ್ನು ಅಳಿಸಿದ ಮೇಲೆ ಆ್ಯಪನ್ನು ಮತ್ತೆ ಇಳಿಸಿದಾಗ ನಾನು ಅದನ್ನು ಒಮ್ಮೆ ವಿಪಿಎನ್ ಇಲ್ಲದೆ ತೆರೆದಿದ್ದೆ. ಅದು ನಮ್ಮ ಮನೆಯ ವಿಳಾಸ ನೆನಪಿಟ್ಟುಕೊಂಡು ಕೂತಿದೆ. ಅದರ ನೆನಪನ್ನೆಲ್ಲ ಅಳಿಸಿ, ಸ್ಟಿಕ್ಕನ್ನು ಕಿತ್ತು ಹಾಕಿ, ಮೊದಲು ವಿಪಿಎನ್ ಸೇರಿಸಿ, ಆಮೇಲೆ ಆ್ಯಪಿಗೆ ಹೊಸದಾಗಿ ಲಾಗಿನ್ ಆಗಬೇಕು. ಓದಿದ ಕೂಡಲೇ ನನಗೆ ನಾಚಿಕೆಯಾಯಿತು. ಬಾಗಿಲು ಬೀಗ ಬಿದ್ದ ಮೇಲೇ ಲಿಫ್ಟು ಹೊರಡಬೇಕು ಎನ್ನುವುದು ನನ್ನ ಕಸುಬಿನ ಮೊದಲ ಪಾಠ.

ಹಾಗೇ ಮಾಡಿದೆ. ಪರದೆಯ ಮೇಲೆ ಧಾರಾವಾಹಿಯ ಹೆಸರು ಬಂತು. ಕೆಳಗೆ ಸಾಲಾಗಿ ಕಂತುಗಳು.

"ಬಂತು!" ಎಂದು ಹೆಂಡತಿ ಕೂಗಿದ್ದಕ್ಕೂ ಬಾಗಿಲ ಗಂಟೆ ಬಾರಿಸಿದ್ದಕ್ಕೂ ಸರಿಹೋಯಿತು. ಟಾಪ್ ಟೆನ್. ಒಂದು ಕೈಯಲ್ಲಿ ಮೂರು ಕಾಲಿನ ಸ್ಟ್ಯಾಂಡು, ಇನ್ನೊಂದರಲ್ಲಿ ವಿಡಿಯೊ ತೆಗೆಯುವಾಗ ಮುಖಕ್ಕೆ ಹಿಡಿಯುವ ದುಂಡಗಿನ ದೀಪ. ಇವತ್ತು ಮತ್ತೆ ಪ್ರಯತ್ನ ಮಾಡುತ್ತಿದ್ದೇವೆ ಎಂದು ನಾದಿನಿಗೆ ಇವಳೇ ಹೇಳಿದ್ದಳಂತೆ.

"ಭಾವ, ಬಂತಂತಲ್ಲ! ಒಂದು ಮೂಲೇಲಿ ಇಟ್ಕೊಳ್ತೀನಿ, ನಿಮಗೇನೂ ತೊಂದ್ರೆ ಇಲ್ಲ" ಎಂದು, ನಾನು ಬೇಡ ಎನ್ನುವಷ್ಟರಲ್ಲಿ ಅತ್ತೆಯ ಮುಖಕ್ಕೆ ದೀಪ ಹಿಡಿದ. ಮೊದಲೇ ನೋವಿನ ಕಣ್ಣು, ಅವರು ಕೈ ಅಡ್ಡ ಇಟ್ಟುಕೊಂಡರು. ನಾನು ದೀಪದ ವೈರು ಕಿತ್ತೆ. ಫೋನು ಮಾತ್ರ ಸ್ಟ್ಯಾಂಡಿನ ಮೇಲೆ ಉಳಿಯಿತು. ನಾಲ್ಕೂವರೆಗೆ ಇನ್ನು ಒಂದೇ ಗಂಟೆ ಇತ್ತು, ಜಗಳಕ್ಕೆ ಹೊತ್ತಿರಲಿಲ್ಲ.

ನಲವತ್ತೊಂದನೇ ಕಂತು. ಓಡಿಸಿಕೊಂಡು ಹೋದೆ. ಆಸ್ಪತ್ರೆಯ ಓಣಿ, ಬೆಂಚು, ಚೀಟಿ ಕೊಡುವ ಕಿಟಕಿ. ಅತ್ತೆ ಕುರ್ಚಿಯನ್ನು ಇನ್ನೂ ಮುಂದಕ್ಕೆ ಎಳೆದುಕೊಂಡು, ಗೋಡೆಯ ಕ್ಯಾಲೆಂಡರನ್ನು ನೋಡುತ್ತಿರುವವರಂತೆ ಕತ್ತು ಪಕ್ಕಕ್ಕೆ ತಿರುಗಿಸಿದರು. ಅವರು ಟಿವಿ ನೋಡುವುದು ಹಾಗೆಯೇ.

ಪರದೆಯ ಬಲಗಡೆಯಿಂದ ಒಬ್ಬ ತೆಳ್ಳನೆಯ ಹೆಂಗಸು ನುಗ್ಗಿ ಬಂದಳು.

"ಬೆಳಗ್ಗೆ ಆರಕ್ಕೆ ಬಂದಿದೀನಿ ಸ್ವಾಮಿ. ನನ್ನ ಹಿಂದಿನವರೆಲ್ಲ ವಾಸಿಯಾಗಿ ಮನೆಗೆ ಹೋದ್ರು. ನನ್ನ ಚೀಟಿ ಎಲ್ಲಿ?"

ಅತ್ತೆಯ ಕೈ ಕುರ್ಚಿಯ ಹಿಡಿಯನ್ನು ಬಿಗಿಹಿಡಿಯಿತು. "ಅವಳೇ" ಎಂದರು. "ಧ್ವನಿ ಅವಳದೇ." ಮತ್ತೆ ಕತ್ತು ಅತ್ತಿತ್ತ ಆಡಿಸಿ, ಅಂಚಿನಲ್ಲಿ ಹಿಡಿಯಲು ನೋಡಿದರು. ಪರದೆಯ ಹೆಂಗಸು ಜಗಳದ ಭರದಲ್ಲಿ ಹೆಗಲಿನಿಂದ ಜಾರಿದ್ದನ್ನು ಎಳೆದು ಹೊದ್ದುಕೊಂಡಳು. ಹಸಿರು ಬಣ್ಣ. ಒಂದು ಅಂಚು ಸೊಟ್ಟ.

ಅತ್ತೆ ಎದ್ದು ನಿಂತುಬಿಟ್ಟರು.

"ಕಳ್ಳಿ! ನನ್ನ ಶಾಲು! ನೋಡೇ, ನನ್ನ ಶಾಲು ಕಣೇ! ಕೊನೇ ಸಾಲು ಸೊಟ್ಟ ಹಾಕಿದ್ದೆ, ಬಿಚ್ಚೋಕೆ ಸೋಮಾರಿತನ ಆಗಿ ಹಾಗೇ ಬಿಟ್ಟಿದ್ದೆ. ನಾನು ನೋಡೇ ಇಲ್ಲ ಅಕ್ಕ ಅಂತ ಆಣೆ ಹಾಕಿದ್ಲಲ್ಲೇ ಈ ಲೌಡಿ!"

"ಅಮ್ಮ, ಚಿಕ್ಕ ಪಾತ್ರದವರು ಬಟ್ಟೆ ಮನೆಯಿಂದಲೇ ತರಬೇಕಿತ್ತಂತೆ..." ಎಂದಳು ಹೆಂಡತಿ.

"ಮನೆಯಿಂದ ಅಂದ್ರೆ ನನ್ನ ಮನೆಯಿಂದಾ? ಅಯ್ಯಯ್ಯೋ, ಆ ಇಸ್ತ್ರಿಯವನಿಗೆ ಬಾಯಿಗೆ ಬಂದ ಹಾಗೆ ಅಂದಿದ್ನಲ್ಲ!" ಎಂದು ಅತ್ತೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗತೊಡಗಿದರು. ಹೊಟ್ಟೆ ಹಿಡಿದು, ಉಸಿರು ಸಿಕ್ಕದ ಹಾಗೆ ನಕ್ಕರು. ಅಷ್ಟು ಜೋರಾಗಿ ಅವರು ನಕ್ಕದ್ದನ್ನು ಕಣ್ಣು ಹೋದ ಮೇಲೆ ನಾನು ನೋಡಿರಲಿಲ್ಲ.

"ಅತ್ತೆ, ಅತ್ತೆ, ಒಂದು ನಿಮಿಷ" ಎಂದ ಟಾಪ್ ಟೆನ್. "ಇನ್ನೊಂದ್ಸಲ ಹಾಕ್ತಾರೆ. ಈ ಸಲ ನಗಬೇಡಿ. ಹೀಗೆ ಸ್ವಲ್ಪ ಕಣ್ಣು ಒರೆಸ್ಕೊಳ್ಳಿ."

ಅತ್ತೆಯ ನಗು ನಿಂತಿತು. "ಯಾಕೆ?"

"ಅದೂ... ಮೊದಲೇ ಹಾಗೆ ಬರೆದುಬಿಟ್ಟಿದೀನಿ. ವಿಡಿಯೊ ಅದಕ್ಕೆ ಹೊಂದಬೇಕಲ್ಲ."

ಇನ್ನು ಮುಚ್ಚಿಡುವುದು ಏನಿತ್ತು? ಹೆಂಡತಿ ಫೋನು ತೆಗೆದು ನೋಡಿದಳು. ತೆಗೀತೀನಿ ಎಂದವನು ತೆಗೆದಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ತಾಯಿಗೆ ಓದಿ ಹೇಳಿದಳು. ಕನ್ನಡಕದ ಫೋಟೊ, ಬೇರೆ ಹೆಸರು, ಕಣ್ಣೀರು, ನಕ್ಷತ್ರ, ತಾರೀಖು.

ಅತ್ತೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಧ್ವನಿ ಏರಿಸದೆ ಕೇಳಿದರು. "ಅಂದ್ರೆ ಗುರುವಾರವೇ ನಾನು ನೋಡಿಬಿಟ್ಟಿದೀನಿ?"

"ಹಾಗಲ್ಲ ಅತ್ತೆ..."

"ನನ್ನ ಪರವಾಗಿ ನೀವೇ ನೋಡಿ, ನೀವೇ ಅತ್ತು ಮುಗಿಸಿದೀರಿ. ಇನ್ನು ನನಗೇನು ಉಳೀತು, ಕಣ್ಣು ಒರೆಸೋದಾ?" ಕತ್ತು ಪಕ್ಕಕ್ಕೆ ತಿರುಗಿಸಿದರು. ಅಂದರೆ ಅವನನ್ನೇ ನೋಡುತ್ತಿದ್ದರು. "ಮನುಷ್ಯ ಅಲ್ಲ ಅಂತ ನಿನ್ನೆಯೇ ಹೇಳಿದ್ರು, ನನಗೇ ತಿಳೀಲಿಲ್ಲ. ವೀಪಿಯಣ್ಣ ಅಂದ್ರೆ ನೀವೇ. ಪಕ್ಕಕ್ಕೆ ಸರೀರಿ ವೀಪಿಯಣ್ಣ, ನನ್ನ ತಂಗಿ ಇನ್ನೂ ಜಗಳ ಆಡ್ತಿದಾಳೆ."

ಅವನು ಸ್ಟ್ಯಾಂಡು ಮಡಿಸಿದ. ಹೋಗುವಾಗ ಬಾಗಿಲಲ್ಲಿ ನನ್ನ ಕಿವಿಯ ಹತ್ತಿರ ಬಂದು, "ಭಾವ, ಕೊನೆಗೆ ನಡೆದದ್ದು ಯಾವ ವಿಪಿಎನ್? ಅವರು ಕಮಿಷನ್ ಕೊಡ್ತಾರಾ?" ಎಂದು ಕೇಳಿದ. ನಾನು ಬಾಗಿಲು ಹಾಕಿಕೊಂಡೆ.

ಆ ಎರಡು ನಿಮಿಷವನ್ನು ಒಂಬತ್ತು ಸಲ ಹಾಕಿದೆ. ಐದನೇ ಸಲಕ್ಕೆ ಅತ್ತೆ ತಂಗಿಯ ಜೊತೆ ತಾವೂ ಮಾತು ಹೇಳತೊಡಗಿದ್ದರು. ಏಳನೇ ಸಲ, "ಅವಳಿಗೆ ಒಪ್ಪುತ್ತೆ, ಅಲ್ವಾ? ನನಗಿಂತ ಚೆನ್ನಾಗಿ ಒಪ್ಪುತ್ತೆ" ಎಂದರು. ಹತ್ತನೇ ಸಲ ಒತ್ತಿದಾಗ ಗಂಟೆ ನಾಲ್ಕೂವರೆ ದಾಟಿತ್ತು. ಪರದೆಯ ಮೇಲೆ ಆ ಹೆಸರೇ ಇರಲಿಲ್ಲ.

ಅತ್ತೆಯ ಫೋಟೊ ಮರುದಿನ ಅವನ ಪುಟದಿಂದ ಹೋಯಿತು. ನಾದಿನಿ ರೇಗಿದ್ದಳಂತೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಎಂಟು ದಿನ ಕಳೆದು, ಬೆಳಗಿನ ಚಹಾದ ಹೊತ್ತಿಗೆ, ಹೆಂಡತಿ ಮತ್ತೆ ಆ ಪುಟ ತೆರೆದಳು. ಕಜ್ಜಿ ಕೆರೆದಂತೆ, ನೋಡಬಾರದು ಎಂದರೂ ಕೈ ಅಲ್ಲಿಗೇ ಹೋಗುತ್ತದೆ.

ಪುಟಕ್ಕೆ ಹೊಸ ಹೆಸರು ಬಂದಿತ್ತು. ದಪ್ಪ ಅಕ್ಷರದಲ್ಲಿ: ವೀಪಿಯಣ್ಣ. ಅದರ ಕೆಳಗೆ, ನಿಮ್ಮ ಮನೆಯ ನಂಬಿಕೆಯ ಅಣ್ಣ. ನಂಬರ್ ಒನ್ ಅದೇ ಹೊಲಸು. ಫೋಟೊದಲ್ಲಿ ಈಗ ಯಾರೋ ಗುರುತಿಲ್ಲದ ಬಿಳಿಗೂದಲ ಮುದುಕಿ, ಯಾವ ದೇಶದವಳೋ. ಅವಳು ಹೇಳುತ್ತಿದ್ದಳು: "ನಾನೇ ಹೆಣೆದ ಹಸಿರು ಶಾಲನ್ನು ಹೊದ್ದ ನನ್ನ ತಂಗಿಯನ್ನು ಟಿವಿಯಲ್ಲಿ ಕಂಡೆ. ಸೊಟ್ಟ ಅಂಚಿನಿಂದಲೇ ಗುರುತು ಹಿಡಿದೆ. ಕಣ್ಣೀರು ನಿಲ್ಲಲೇ ಇಲ್ಲ."

ಬೈದ ಹೆಸರನ್ನೂ ಮಾರಿದ್ದ. ಶಾಲನ್ನೂ ಬಿಟ್ಟಿರಲಿಲ್ಲ. ಬಾಯಲ್ಲಿದ್ದ ಚಹಾ ನುಂಗಲಾಗದೆ ಸಿಂಕಿಗೆ ಹೋಗಿ ಉಗುಳಿದೆ.

ಅತ್ತೆ ನಡುಮನೆಯಲ್ಲಿ ಹಾಸಿಗೆ ಎತ್ತಿ, ಕೆಳಗೆ ವರ್ಷ ವರ್ಷದಿಂದ ಒತ್ತಿಟ್ಟಿದ್ದ ಬಟ್ಟೆಗಳನ್ನೆಲ್ಲ ತೆಗೆದು ಒಂದು ದುಪ್ಪಟಿಯಲ್ಲಿ ಗಂಟು ಕಟ್ಟುತ್ತಿದ್ದರು. ಎಲ್ಲಾ ಕೇಳಿಸಿಕೊಂಡಿದ್ದರು.

"ಅವಳೂ ಕದ್ಲು, ಇವನೂ ಕದ್ದ" ಎಂದರು. "ಅವಳು ಹೊದ್ಕೊಳ್ಳೋಕಾದ್ರೂ ಕದ್ಲು." ಗಂಟನ್ನು ಎಳೆದು ಬಿಗಿ ಮಾಡಿ ನನ್ನ ಕಡೆ ಚಾಚಿದರು. "ಡ್ಯೂಟಿಗೆ ಹೋಗ್ತಾ ಇದನ್ನ ಆ ಮೂಲೆ ಇಸ್ತ್ರಿಯವನಿಗೆ ಕೊಟ್ಟು ಹೋಗಿ ಅಳಿಯಂದ್ರೇ. ಇಷ್ಟು ವರ್ಷ ಇಲ್ಲದ್ದು ಈಗೇನು ಅಂತ ಕೇಳಿದ್ರೆ, ಶಾಲು ಸಿಕ್ತು ಅಂತ ಹೇಳಿ."